ಅಜ್ಜಿಯ ಮರೆವಿಗೂ ಮಿದುಳಿನ ಗ್ಲಿಯಾ ಕೋಶಗಳಿಗೂ ಏನು ಸಂಬಂಧ?

ನಿಮ್ಮ ಅಜ್ಜಿಯ ಮರೆವಿನ ಬಗ್ಗೆ ಶಿರಸಿಯಿಂದ ಪತ್ರ ಬರೆದು ನೀವು ಕೇಳಿದ ಪ್ರಶ್ನೆ ಇದು. ನರಕೋಶಗಳ ಆರೈಕೆ ಮಾಡಬೇಕಾದ ಗ್ಲಿಯಾ ಕೋಶಗಳೇ ಆಲ್ಝೈಮರ್ ಕಾಯಿಲೆಯಲ್ಲಿ ಅವುಗಳ ನಡುವಿನ ಕೊಂಡಿಗಳನ್ನು ನುಂಗತೊಡಗುತ್ತವೆ. ಸಂಬಂಧ ಇರುವುದು ಅಲ್ಲಿ.

ಎಳೆಯ ಮಿದುಳಿನಲ್ಲಿ ಕೊಂಡಿಗಳು ಬೇಕಾದುದಕ್ಕಿಂತ ಹೆಚ್ಚು ಹುಟ್ಟುತ್ತವೆ. ಬೇಡದವುಗಳಿಗೆ ಸಿ1ಕ್ಯೂ ಎಂಬ ಪ್ರೋಟೀನು ಗುರುತಿನಂತೆ ಅಂಟಿಕೊಳ್ಳುತ್ತದೆ. ಗ್ಲಿಯಾಗಳ ಪೈಕಿ ಕಾವಲಿನ ಕೆಲಸ ಮಾಡುವ ಮೈಕ್ರೊಗ್ಲಿಯಾ ಆ ಗುರುತು ನೋಡಿ ಅವನ್ನು ತಿಂದುಹಾಕುತ್ತದೆ. ಇದು ಒಳ್ಳೆಯ ಕೆಲಸವೇ. ಶಿರಸಿಯವರಾದ ನಿಮಗೆ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು, ಗೊತ್ತು: ಹದವರಿತು ಸೊಪ್ಪು ಕಡಿದರೆ ಮರ ಮತ್ತೆ ಚಿಗುರುತ್ತದೆ, ಬೋಳಿಸಿದರೆ ಸೊರಗುತ್ತದೆ. ಕಾಯಿಲೆಯಲ್ಲಿ ಆಗುವುದು ಈ ಬೋಳಿಸುವಿಕೆ. ಬಾಲ್ಯದಲ್ಲಿ ಮುಗಿಯಬೇಕಿದ್ದ ಗುರುತು ಹಾಕುವ ಕೆಲಸ ಮುಪ್ಪಿನಲ್ಲಿ ಮತ್ತೆ ಶುರುವಾಗಿ, ಬೇಕಾದ ಕೊಂಡಿಗಳೂ ಹೋಗುತ್ತವೆ. ಅಡಕತ್ತರಿ ಕೈಯಲ್ಲಿದ್ದರೂ ಅದರಿಂದ ಏನು ಮಾಡಬೇಕೆಂದು ಅಜ್ಜಿಗೆ ತೋಚುವುದಿಲ್ಲ ಎಂದು ನೀವು ಬರೆದಿದ್ದೀರಲ್ಲ, ಅಂಥ ಮರೆವಿನ ಹಿಂದೆ ನರಕೋಶಗಳ ಸಾವಿನಷ್ಟೇ ಈ ಕೊಂಡಿಗಳ ನಷ್ಟವೂ ಇರುತ್ತದೆ.

ಅಮೆರಿಕದ ನರವಿಜ್ಞಾನಿ ಬೆನ್ ಬಾರೆಸ್ ಅವರ ಪ್ರಯೋಗಾಲಯದಲ್ಲಿದ್ದ ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು 2007ರಲ್ಲಿ ಈ ಗುರುತನ್ನು ಪತ್ತೆ ಮಾಡಿದರು. 2016ರಲ್ಲಿ ಸ್ಟೀವನ್ಸ್ ಅವರ ತಂಡ ಆಲ್ಝೈಮರ್ ಮಾದರಿಯ ಇಲಿಗಳಲ್ಲಿ ಸಿ1ಕ್ಯೂವನ್ನು ತಡೆದಾಗ ಕೊಂಡಿಗಳ ನಷ್ಟ ಕಡಿಮೆಯಾಯಿತು. ನನಗೆ ಇದು ತುಂಬ ಭರವಸೆ ಕೊಟ್ಟ ಕೆಲಸ. ಆದರೆ ಮನುಷ್ಯರಲ್ಲಿ ಇದು ಚಿಕಿತ್ಸೆಯಾಗಿ ಇನ್ನೂ ಸಾಬೀತಾಗಿಲ್ಲ. ಗ್ಲಿಯಾ ಹೆಸರು ಹೇಳಿ ಯಾರಾದರೂ ಔಷಧ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.