ಬೆಂಗಳೂರಿನ ಹಳೇ ಪೇಟೆಯನ್ನು ಅರ್ಧ ದಿನದಲ್ಲಿ ನಡೆದೇ ನೋಡಬಹುದಾ?

ಧಾರಾಳವಾಗಿ ನೋಡಬಹುದು. ಹುಬ್ಬಳ್ಳಿಯಿಂದ ಅಮ್ಮನ ಜೊತೆ ಬರುತ್ತಿದ್ದೇವೆ, ಎಲ್ಲಿಂದ ಶುರು ಮಾಡಬೇಕು, ಗೈಡ್ ಬೇಕಾ ಅಂತ ಕೇಳಿದ್ದೀರಿ. ಗೈಡ್ ಇಲ್ಲದೆಯೂ ಆಗುತ್ತದೆ. ಹೊತ್ತು ಮಾತ್ರ ನೋಡಿ ಆರಿಸಿಕೊಳ್ಳಿ. ಪೇಟೆ ಅಂದರೆ ಇವತ್ತಿಗೂ ವ್ಯಾಪಾರದ ಜಾಗ. ಯಾವ ಬೀದಿಗೆ ಎಷ್ಟು ಹೊತ್ತಿಗೆ ಜೀವ ಬರುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆದಂತೆ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ರಾತ್ರಿ ರೈಲಿಗೆ ಬಂದರೆ ಒಳ್ಳೆಯದು. ಲಗೇಜು ಎಲ್ಲಾದರೂ ಇಟ್ಟು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ. ಎರಡನೇ ನಿಲ್ದಾಣವೇ ಕೆ.ಆರ್. ಮಾರ್ಕೆಟ್. ಏಳು ಗಂಟೆಯೊಳಗೆ ಅಲ್ಲಿರಿ. ಹೂವಿನ ವ್ಯಾಪಾರ ಜೋರಾಗಿ ನಡೆಯುವುದು ಬೆಳಗಿನ ಹೊತ್ತೇ. ಮೊದಲು ಮಾರ್ಕೆಟ್ ಕಟ್ಟಡದ ಮೇಲಿನ ಅಂತಸ್ತಿಗೆ ಹೋಗಿ ಕೆಳಗೆ ನೋಡಿ. ಸೇವಂತಿಗೆ, ಚೆಂಡುಹೂವು, ಸುಗಂಧರಾಜ, ಕನಕಾಂಬರ, ಎಲ್ಲ ರಾಶಿ ರಾಶಿ. ಆಮೇಲೆ ಕೆಳಗಿಳಿದು ಒಂದು ಸುತ್ತು ಹಾಕಿ. ನೆಲ ಒದ್ದೆ ಇರುತ್ತದೆ, ಅಮ್ಮನಿಗೆ ಜಾರದ ಚಪ್ಪಲಿ ಹಾಕಿಸಿ. ತಲೆ ಮೇಲೆ ಮೂಟೆ ಹೊತ್ತವರು "ಸೈಡ್, ಸೈಡ್" ಅಂದರೆ ತಕ್ಷಣ ಸರಿಯಿರಿ. ಫೋಟೋ ತೆಗೆಯುತ್ತಾ ನಡುದಾರಿಯಲ್ಲಿ ನಿಂತರೆ ಬೈಸಿಕೊಳ್ಳೋದು ಗ್ಯಾರಂಟಿ, ಅದು ನ್ಯಾಯವೇ. ಈಗ ಮಾರ್ಕೆಟ್ ಇರುವ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಅಂತ ಕೆರೆ ಇತ್ತು.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು. ಪಕ್ಕದಲ್ಲೇ ಟಿಪ್ಪು ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬಗಳು ಚೆನ್ನಾಗಿವೆ, ಆದರೆ ಮೈಸೂರು ಅರಮನೆ ಥರ ಏನೋ ಇರುತ್ತದೆ ಅಂದುಕೊಂಡು ಹೋಗಬೇಡಿ. ಟಿಪ್ಪು ನಂತರ ಬ್ರಿಟಿಷರ ಕಚೇರಿಗಳು 1868ರವರೆಗೆ ಇಲ್ಲೇ ಇದ್ದವು. ಆಮೇಲೆ ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಹೋದವು.

ವಾಪಸ್ ಬರುವಾಗ ಕೋಟೆ ನೋಡಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನ ಕೋಟೆ ಮಾಡಿಸಿದ್ದು ಹೈದರಾಲಿ, 1761ರಲ್ಲಿ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಮುತ್ತಲಿನ ಸ್ವಲ್ಪ ಗೋಡೆ, ಅಷ್ಟೇ. 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು, ಆಮೇಲೆ ಈ ಕೋಟೆಯನ್ನು ಹಿಡಿಯಿತು. ಸಮಯ ಕಮ್ಮಿ ಬಿದ್ದರೆ ಅರಮನೆ ಬಿಡಿ, ಕೋಟೆ ಬಿಡಬೇಡಿ.

ಹತ್ತು ಗಂಟೆಗೆ ಅವೆನ್ಯೂ ರಸ್ತೆಗೆ ಬನ್ನಿ. ಇದೇ ಹಳೇ ದೊಡ್ಡಪೇಟೆ. ಶಟರ್‌ಗಳು ಆಗ ತಾನೇ ಮೇಲೇಳುತ್ತಿರುತ್ತವೆ, ಲಗೇಜ್ ಆಟೋಗಳು ಇನ್ನೂ ದಾರಿ ಕಟ್ಟಿರುವುದಿಲ್ಲ. ತಲೆ ಎತ್ತಿ ನೋಡುತ್ತಾ ನಡೆಯಿರಿ. ಕೆಳಗೆ ಎಲ್ಲ ಫ್ಲೆಕ್ಸ್ ಬೋರ್ಡು, ಮೇಲಿನ ಅಂತಸ್ತಿನಲ್ಲಿ ಹಳೇ ಕಿಟಕಿ, ಗಾರೆ ಕೆಲಸ ಅಲ್ಲಲ್ಲಿ ಉಳಿದಿದೆ. ಚಿಕ್ಕಪೇಟೆ ರಸ್ತೆ ಬಂದು ಸೇರುವ ಚೌಕದಲ್ಲಿ ಒಂದು ನಿಮಿಷ ನಿಲ್ಲಿ. ಕೆಂಪೇಗೌಡರು ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಹೊಡೆಸಿದ್ದು ಇಲ್ಲಿಂದಲೇ ಅಂತ ಹೇಳುತ್ತಾರೆ. ಆ ಸಾಲುಗಳೇ ಊರಿನ ಬೀದಿಗಳಾದವಂತೆ. ನಿಜವೋ ಕಥೆಯೋ, ಅವೆನ್ಯೂ ರಸ್ತೆ ಉತ್ತರ-ದಕ್ಷಿಣ, ಚಿಕ್ಕಪೇಟೆ ಪೂರ್ವ-ಪಶ್ಚಿಮ ಇರುವುದನ್ನು ನೀವೇ ನೋಡಬಹುದು. ಸುತ್ತಲೂ ಕಸುಬಿಗೊಂದು ಪೇಟೆ: ಗಾಣಿಗರಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ, ಬಳೇಪೇಟೆ.

ಈಗ ಮುಖ್ಯ ರಸ್ತೆ ಬಿಟ್ಟು ಪೂರ್ವಕ್ಕೆ ನಗರ್ತಪೇಟೆ ಗಲ್ಲಿಗಳಿಗೆ ನುಗ್ಗಿ. ನನಗೆ ಇಡೀ ಪೇಟೆಯಲ್ಲಿ ಇಷ್ಟವಾದ ಭಾಗ ಇದು. ದಾರಿ ತಪ್ಪಿದರೂ ಚಿಂತೆ ಇಲ್ಲ, ಯಾರನ್ನಾದರೂ "ಧರ್ಮರಾಯನ ಗುಡಿ ಎಲ್ಲಿ?" ಅಂತ ಕೇಳಿ, ತೋರಿಸುತ್ತಾರೆ. ತಿಗಳರಪೇಟೆಯ ಈ ಗುಡಿಯಲ್ಲಿ ಪಾಂಡವರು ಮತ್ತು ದ್ರೌಪದಿಗೆ ಪೂಜೆ. ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ ಹೊರಡುವುದು ಇಲ್ಲಿಂದ. ರಾತ್ರಿಯಿಡೀ ಪೇಟೆ ಪೇಟೆ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ಗುಡಿಯಲ್ಲಿ ಹಿರಿಯರು ಯಾರಾದರೂ ಕೂತಿದ್ದರೆ ಕರಗದ ಬಗ್ಗೆ ಕೇಳಿ ನೋಡಿ. ಗೈಡ್‌ಗಿಂತ ಚೆನ್ನಾಗಿ ಹೇಳುತ್ತಾರೆ. ಗೈಡ್ ಇದ್ದರೇ ಸರಿ ಅನ್ನಿಸಿದರೆ ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕದವರು ಆಗಾಗ ಪಾರಂಪರಿಕ ನಡಿಗೆ ಏರ್ಪಡಿಸುತ್ತಾರೆ, ನಿಮ್ಮ ದಿನಕ್ಕೆ ಹೊಂದುತ್ತದಾ ನೋಡಿ.

ಎಲ್ಲ ಸೇರಿ ನಾಲ್ಕು ಕಿಲೋಮೀಟರ್ ಆಸುಪಾಸು. ಅಮ್ಮನಿಗೆ ಕಷ್ಟ ಆಗುವುದು ದೂರದಿಂದಲ್ಲ, ಕೂರಲು ಜಾಗ ಮತ್ತು ಶೌಚಾಲಯ ಸಿಗದೆ. ಮಾರ್ಕೆಟ್ ಸುತ್ತಿದ ಮೇಲೆ ಒಂದು ಒಳ್ಳೆ ಹೋಟೆಲಿನಲ್ಲಿ ತಿಂಡಿಗೆ ಕೂತು ಎರಡೂ ಮುಗಿಸಿಕೊಳ್ಳಿ.

ಮಧ್ಯಾಹ್ನಕ್ಕೆ ಬಳೇಪೇಟೆಗೆ ಬನ್ನಿ. ಅಷ್ಟು ನಡೆಯೋದು ಜಾಸ್ತಿ ಆಯ್ತು ಅನ್ನಿಸಿದರೆ ಆಟೋ ಹಿಡಿಯಿರಿ, ತಪ್ಪೇನಿಲ್ಲ. ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿನ್ನಿ. ಸೀರೆ ಖರೀದಿ ಇದ್ದರೆ ಅದನ್ನು ಇದಾದ ಮೇಲೇ ಇಟ್ಟುಕೊಳ್ಳಿ. ಚಿಕ್ಕಪೇಟೆಯ ಅಂಗಡಿಗೆ ಬೆಳಿಗ್ಗೆಯೇ ಹೋದರೆ ಅಮ್ಮ ಹೊರಗೆ ಬರುವಷ್ಟರಲ್ಲಿ ನಿಮ್ಮ ಅರ್ಧ ದಿನ ಮುಗಿದಿರುತ್ತದೆ. ಚಿಕ್ಕಪೇಟೆ ಮೆಟ್ರೋ ನಿಲ್ದಾಣ ಹತ್ತಿರವೇ ಇದೆ, ಮೆಜೆಸ್ಟಿಕ್‌ಗೆ ಒಂದೇ ಸ್ಟಾಪ್.