ಇಬ್ಬರಿಗೆ ಹಿಡಿದ ರೂಮು, ಒಬ್ಬರ ಪ್ರವಾಸ

ಬೆಳಗಾವಿಯ ಟಿಳಕವಾಡಿಯಿಂದ ಓದುಗರೊಬ್ಬರ ಪತ್ರ: ‘ನಾಲ್ಕು ವರ್ಷದ ಪ್ರೀತಿ ಜನವರಿಯಲ್ಲಿ ಮುಗಿಯಿತು. ಪ್ರೇಮಿಗಳ ದಿನಕ್ಕೆಂದು ಬಾದಾಮಿಯಲ್ಲಿ ಎರಡು ರಾತ್ರಿಗೆ ರೂಮು ಬುಕ್ ಮಾಡಿದ್ದೆವು. ಮೂರನೇ ದಿನ ವಿಜಯಪುರ. ಅಡ್ವಾನ್ಸ್ ವಾಪಸ್ ಕೊಡುವುದಿಲ್ಲವಂತೆ. ಒಬ್ಬಳೇ ಹೋಗಲಾ? ಜನ ಅಯ್ಯೋ ಪಾಪ ಅಂತ ನೋಡಿದರೆ? ಅಡ್ವಾನ್ಸಿನಲ್ಲಿ ಅರ್ಧ ಅವನದು, ಅದನ್ನೇನು ಮಾಡಲಿ?’

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನಮ್ಮ ಕಚೇರಿಯಲ್ಲಿ ಜಗಳವೇ ಆಯಿತು. ಗೆಳತಿಯನ್ನು ಕರೆದುಕೊಂಡು ಹೋಗಲಿ ಅಂದರು ಒಬ್ಬರು. ದುಡ್ಡು ಹೋದರೆ ಹೋಗಲಿ, ಮನೆಯಲ್ಲಿರಲಿ ಅಂದರು ಇನ್ನೊಬ್ಬರು. ನನಗೆ ಎರಡೂ ಹಿಡಿಸಲಿಲ್ಲ. ಬಾದಾಮಿ ನೋಡುವ ಆಸೆ ನಿಮಗೇ ಇದ್ದರೆ ಹೋಗಿ. ‘ನಾನು ಆರಾಮಿದ್ದೀನಿ’ ಅಂತ ಅವನಿಗೆ ತೋರಿಸಲು ಹೊರಟಿದ್ದರೆ ಬೇಡ. ಗುಹೆ ಮುಂದೆ ನಿಂತು, ಅವನು ಸ್ಟೇಟಸ್ ನೋಡಿದನಾ ಇಲ್ವಾ ಅಂತ ಫೋನ್ ತಿಕ್ಕುತ್ತಾ ಇರುತ್ತೀರಿ, ಅಷ್ಟೇ.

ಮೊದಲು ಹೋಟೆಲಿಗೆ ಫೋನ್ ಮಾಡಿ. ದುಡ್ಡು ವಾಪಸ್ ಕೊಡದವರೂ ಕೆಲವೊಮ್ಮೆ ತಾರೀಖು ಬದಲಾಯಿಸಿ ಕೊಡುತ್ತಾರೆ. ವಾರ ಮುಂದೆ ಹೋದರೂ ಅರ್ಧ ತಲೆನೋವು ಕಡಿಮೆ. ಆಗಲ್ಲ ಅಂದರೆ, ‘ಒಬ್ಬಳೇ ಬರುತ್ತೇನೆ, ಅಲಂಕಾರ ಏನೂ ಬೇಡ’ ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಹಾಸಿಗೆ ಮೇಲೆ ಗುಲಾಬಿ ಎಸಳು, ಟವೆಲ್ ಮಡಚಿ ಮಾಡಿದ ಜೋಡಿ ಹಂಸ ಕಾಯುತ್ತಾ ಕೂತಿರುತ್ತವೆ. ಬಸ್ಸಿಳಿದು ಸುಸ್ತಾಗಿ ಬಂದವರಿಗೆ ಅದ್ಯಾಕೆ ಬೇಕು?

ಜೋಡಿಗಳಿಂದ ಪೂರ್ತಿ ತಪ್ಪಿಸಿಕೊಳ್ಳಲು ಮಾತ್ರ ಬಾದಾಮಿಯಲ್ಲಿ ಆಗುವುದಿಲ್ಲ. ಮೂರನೇ ಗುಹೆಗೆ ಹೋಗಿ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ್ದು. ಹೋದವರೆಲ್ಲ ಹಾವಿನ ಸುರುಳಿಯ ಮೇಲೆ ಕೂತ ವಿಷ್ಣುವಿನ ಫೋಟೋ ತೆಗೆದು ಮುಂದೆ ಸಾಗುತ್ತಾರೆ. ನೀವು ಕತ್ತೆತ್ತಿ ಕಂಬದ ತಲೆಯ ಹತ್ತಿರ ನೋಡಿ. ಮರದ ಕೆಳಗೆ ಗಂಡು, ಹೆಣ್ಣು, ಒಬ್ಬರಿಗೊಬ್ಬರು ಒರಗಿಕೊಂಡು ನಿಂತಿದ್ದಾರೆ. ಒಂದು ಜೋಡಿಯ ನಿಲುವು ಇನ್ನೊಂದಕ್ಕಿಲ್ಲ. ಜೊತೆಗೆ ಯಾರಾದರೂ ಇದ್ದಿದ್ದರೆ ‘ನಡಿ, ನಾಲ್ಕನೇದು ನೋಡೋಣ’ ಅಂತ ಅವಸರ ಮಾಡುತ್ತಿದ್ದರು. ನೀವು ಕತ್ತು ನೋಯುವ ತನಕ ನೋಡಬಹುದು. ಅಳು ಬಂದರೆ ಅತ್ತುಬಿಡಿ. ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಇರಬಾರದು, ಅಲ್ಲಿನ ಮಂಗಗಳಿಗೆ ಕನಿಕರ ಇಲ್ಲ! ಬೆಳಗ್ಗೆಯೇ ಹತ್ತಿ ಇಳಿಯಿರಿ, ಮಧ್ಯಾಹ್ನ ಬಂಡೆ ಕಾಯುತ್ತದೆ.

ಊಟಕ್ಕೆ ಬನಶಂಕರಿಗೆ ಹೋಗಿ, ಊರಿಂದ ಸುಮಾರು 5 ಕಿ.ಮೀ. ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಂಗಸರಿದ್ದಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ‘ಒಬ್ಬಾಕಿನೇ ಬಂದೀಯೇನವಾ?’ ಅಂತ ಯಾರಾದರೂ ಕೇಳಿದರೆ ‘ಹೌದ್ರಿ’ ಅನ್ನಿ. ಮುಂದಿನ ಪ್ರಶ್ನೆ ಇನ್ನೊಂದು ರೊಟ್ಟಿ ಹಾಕಲಾ ಅಂತಲೇ ಇರುತ್ತದೆ. ನೀವು ಹೆದರಿರುವ ‘ಅಯ್ಯೋ ಪಾಪ’ಕ್ಕೆ ಯಾರಿಗೂ ಅಷ್ಟು ಪುರಸೊತ್ತಿಲ್ಲ. ಹೋಟೆಲಿನಲ್ಲಿ ಎರಡನೆಯವರ ಹೆಸರು ಕೇಳಬಹುದು. ಬರುತ್ತಿಲ್ಲ ಅಂತ ಹೇಳಿ ಸಹಿ ಹಾಕಿ, ಕಥೆ ಬಿಚ್ಚಬೇಡಿ. ಎಲ್ಲಿ ಇಳಿದುಕೊಂಡಿದ್ದೀರಿ ಅನ್ನುವುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ವಿಜಯಪುರ ಈ ಸಲ ಬಿಡಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಆ ಕಡೆ ಕಿವಿಗೊಟ್ಟು ನಿಲ್ಲುವವರೊಬ್ಬರು ಬೇಕು, ಜೊತೆಗೆ ಶಾಲೆ ಮಕ್ಕಳ ಕಿರುಚಾಟ ಬೇರೆ. ಅದರ ಬದಲು ಪಟ್ಟದಕಲ್ಲು ನೋಡಿ. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಇಬ್ಬರ ಗಂಡನೂ ಒಬ್ಬನೇ, ಎರಡನೇ ವಿಕ್ರಮಾದಿತ್ಯ. ಆ ಮನೆಯ ಮಾತುಕತೆ ಹೇಗಿತ್ತೋ!

ಇನ್ನು ದುಡ್ಡು. ಅವನ ಅರ್ಧ ಅವನಿಗೆ ವಾಪಸ್ ಕಳಿಸಿ, ಹೊರಡುವ ಮೊದಲೇ. ಬೇಡ ಅಂದರೂ ಕಳಿಸಿ. ಆಮೇಲೆ ಆ ರೂಮು ಪೂರ್ತಿ ನಿಮ್ಮದು, ಮಂಚದ ಮಧ್ಯದಲ್ಲೇ ಮಲಗಿ. ಫೋನ್‌ಪೇ ಮಾಡುವಾಗ ಕೆಳಗೆ ಮೆಸೇಜ್ ಬರೆಯುವ ಜಾಗ ಇರುತ್ತದಲ್ಲ, ಅದನ್ನು ಖಾಲಿ ಬಿಡಿ.