ಅಜ್ಜನ ಜೀಪಿನ ಬ್ಲಾಕ್: ಬೋರ್ ಮಾಡಿಸುವುದೋ, ಗುಜರಿಗೆ ಹಾಕುವುದೋ?

ಪ್ರಶ್ನೆ: ನಮ್ಮ ತೋಟದಲ್ಲಿ ಅಜ್ಜನ ಕಾಲದ 1965ರ ಮಹೀಂದ್ರ ಪೆಟ್ರೋಲ್ ಜೀಪ್ ಇದೆ. ಎಂಜಿನ್ ಬಿಚ್ಚಿ ಅಳೆಸಿದಾಗ ಸಿಲಿಂಡರ್‌ಗಳು ಮೇಲ್ಭಾಗದಲ್ಲಿ 79.80 ಮಿ.ಮೀ., ಕೆಳಗೆ 79.42 ಮಿ.ಮೀ. ಬಂದವು. ನಾಲ್ಕನೆಯದರಲ್ಲಿ ತುಕ್ಕಿನ ಗುಳಿಗಳಿವೆ. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸೀಟಿನ ಬಳಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ಸಿಲಿಂಡರ್ ಕೊರೆದಿರುವ ಎರಕದ ಬ್ಲಾಕನ್ನು ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಕೂರಿಸಿ ಎನ್ನುತ್ತಾರೆ ಮೆಕ್ಯಾನಿಕ್. ಏನು ಮಾಡಲಿ? — ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸವೆತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಬ್ಲಾಕಿನ ಹಣೆಬರಹ ಇರುವುದು ಆ ಕೂದಲೆಳೆಯ ಗೆರೆಯಲ್ಲಿ.

ನಿಮ್ಮದು ವಿಲ್ಲಿಸ್ ವಿನ್ಯಾಸದ ಹರಿಕೇನ್ ಎಂಜಿನ್: ನಾಲ್ಕು ಸಿಲಿಂಡರ್, ಸುಮಾರು 2,200 ಸಿ.ಸಿ. ಹೊಸದಿದ್ದಾಗ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 79.375 ಮಿ.ಮೀ.; ಮೂರು ಇಂಚಿನ ಮೇಲೆ ಇಂಚಿನ ಎಂಟನೆಯ ಒಂದು ಭಾಗ. ಮೇಲ್ಭಾಗದಲ್ಲಿ ಹೆಚ್ಚು ಸವೆದಿರುವುದು ಸಹಜ. ಅಲ್ಲಿ ಉರಿಯ ಒತ್ತಡ ರಿಂಗುಗಳನ್ನು ಗೋಡೆಗೆ ಒತ್ತುತ್ತದೆ, ಎಣ್ಣೆಯೂ ಸರಿಯಾಗಿ ತಲುಪುವುದಿಲ್ಲ. ಮೇಲೆ ಕೆಳಗಿನ ವ್ಯತ್ಯಾಸ 0.38 ಮಿ.ಮೀ. ಇರುವಾಗ ಬರೀ ಹೋನಿಂಗ್ ಮಾಡಿ (ಗೋಡೆಯನ್ನು ಸಾಣೆಕಲ್ಲಿನಿಂದ ತುಸು ಉಜ್ಜಿ) ಹೊಸ ರಿಂಗ್ ಹಾಕಿದರೆ ದುಡ್ಡು ಹೊಗೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ. ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರನ್ನು ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಹಾಕಬೇಕು. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. 20 ಥೌ ಓವರ್‌ಸೈಜ್ ಎಂದರೆ 79.88, ಸವೆತ ದಾಟಿ ಉಳಿಯುವುದು 0.08 ಮಾತ್ರ. ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಪಿಸ್ಟನ್ ಒತ್ತುವ ಬದಿಗೆ ಹೆಚ್ಚು ತಿನ್ನುತ್ತದೆ. ಆದ್ದರಿಂದ 20ಕ್ಕೆ ಆಸೆಪಡದೆ 30 ಥೌಗೆ, ಅಂದರೆ 80.14ಕ್ಕೆ ಹೋಗಿ. ಹಿಂದೆ ಯಾರಾದರೂ ಬೋರ್ ಮಾಡಿಸಿದ್ದರೆ ಹಳೆಯ ಪಿಸ್ಟನ್ ತಲೆಯ ಮೇಲೆ ಅಳತೆ ಒತ್ತಿರುತ್ತದೆ, ನೋಡಿ. ನಿಮ್ಮ ಅಳತೆ ನೋಡಿದರೆ ಇದಿನ್ನೂ ಮೊದಲ ಬೋರ್ ಎನಿಸುತ್ತದೆ; ಕೆಳಗಿನ 79.42 ಅದನ್ನೇ ಹೇಳುತ್ತದೆ.

ನಾಲ್ಕನೆಯ ಸಿಲಿಂಡರಿನ ಗುಳಿಗಳು 30 ಥೌಗೂ ಹೋಗದಿದ್ದರೆ ಆ ಒಂದಕ್ಕೆ ಮಾತ್ರ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ, ಅದನ್ನೂ ಉಳಿದ ಮೂರರ ಅಳತೆಗೇ ಬೋರ್ ಮಾಡಿಸಿ. ನಾಲ್ಕು ಪಿಸ್ಟನ್ ಒಂದೇ ಅಳತೆ, ಒಂದೇ ತೂಕ ಇರಬೇಕು.

ಇನ್ನು ಆ ಗೆರೆ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಮಾತ್ರ ಬ್ಲಾಕಿನಲ್ಲೇ, ಸಿಲಿಂಡರಿನ ಪಕ್ಕದಲ್ಲಿ. ಆ ವಾಲ್ವಿಗೂ ಸಿಲಿಂಡರಿಗೂ ನಡುವಿನ ಎರಕ ತೆಳು, ಬಿಸಿಯಾದ ಹೊಗೆ ಹಾದುಹೋಗುವ ದಾರಿ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕಿನ ಬದಿ ಸೀಳುತ್ತದೆ. ನಮ್ಮ ಘಟ್ಟದ ಕಡೆ ಹಾಗಾಗದು; ಇಲ್ಲಿ ಏರುದಾರಿಯಲ್ಲಿ ಕುದಿದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದೇ ಬಿರುಕು ಬಿಟ್ಟಿರುತ್ತದೆ. ಗೆರೆಯ ಮೇಲೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಾಗಿದ್ದರೆ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಬರೀ ಉಜ್ಜಿದ ಗುರುತಾಗಿದ್ದರೆ ಮೂಡುವುದಿಲ್ಲ.

ಮೂಡಿದರೆ ಗಾಬರಿ ಬೇಡ. ಅದು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಸೀಟಿನ ಅಂಚಿನಲ್ಲೇ ನಿಂತಿದ್ದರೆ ಅಲ್ಲಿ ಕೊರೆದು ಹೊಸ ಸೀಟ್ ರಿಂಗ್ ಒತ್ತಿ ಕೂರಿಸಬಹುದು. ಸಿಲಿಂಡರ್ ಗೋಡೆಗೆ ತಲುಪಿದ್ದರೆ ಬಿರುಕಿನ ಉದ್ದಕ್ಕೂ ಲೋಹದ ಪಿನ್ ಕೂರಿಸಿ ಮುಚ್ಚಿ, ಮೂರನೆಯದಕ್ಕೂ ಸ್ಲೀವ್ ಹಾಕಬೇಕು. ಖರ್ಚು ಏರುತ್ತದೆ, ಆದರೂ ಬ್ಲಾಕ್ ಬದುಕುತ್ತದೆ. ಬಿರುಕು ಕ್ರ್ಯಾಂಕ್ ಕೂರುವ ಅಡ್ಡಗೋಡೆಯಲ್ಲಿದ್ದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಎರಕದ ಕಬ್ಬಿಣಕ್ಕೆ ಬೀದಿಬದಿಯಲ್ಲಿ ಮಾಮೂಲಿ ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ, ಅದನ್ನು ಯಾರಿಗೂ ಮುಟ್ಟಲು ಬಿಡಬೇಡಿ.

ಬೋರ್ ಮಾಡಿಸುವ ಮೊದಲೇ ಬ್ಲಾಕ್ ಚೆನ್ನಾಗಿ ತೊಳೆಸಿ, ನೀರಿನ ದಾರಿಗಳನ್ನು ಮುಚ್ಚಿ, ನೀರಿನಲ್ಲಿ ಮುಳುಗಿಸಿ, ಗಾಳಿಯ ಒತ್ತಡದಲ್ಲಿ ಪರೀಕ್ಷೆ ಮಾಡಿಸಿ. ಅನೇಕರು ಇದನ್ನು ಕೊನೆಗೆ ಮಾಡಿಸಿ, ಹೊಸ ಬೋರಿನ ಬ್ಲಾಕಿನಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ನಿಲ್ಲುತ್ತಾರೆ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೂರೂ ಮೇನ್ ಬೇರಿಂಗ್ ಕ್ಯಾಪ್‌ಗಳು ನಿಮ್ಮಲ್ಲಿವೆಯೇ ಎಂದೂ ನೋಡಿಕೊಳ್ಳಿ. ಅವನ್ನು ಬ್ಲಾಕಿಗೆ ಬಿಗಿದೇ ಕೊರೆದಿರುತ್ತಾರೆ. ಬೇರೆ ಎಂಜಿನ್ನಿನ ಕ್ಯಾಪ್ ತಂದು ಹಾಕಿದರೆ ಮತ್ತೆ ಲೈನ್ ಬೋರಿಂಗ್ ಮಾಡಿಸಿ, ಅಂದರೆ ಮೂರನ್ನೂ ಒಂದೇ ನೇರಕ್ಕೆ ಕೊರೆಸದೆ ವಿಧಿಯಿಲ್ಲ.

ಡೀಸೆಲ್ ಮಾತಿಗೆ ಬರುತ್ತೇನೆ. ದಿನವೂ ಗೊಬ್ಬರ, ಕಾಫಿ ಚೀಲ ಸಾಗಿಸಲು ಬೇಕಾದರೆ ಡೀಸೆಲ್ ಅಗ್ಗ, ನಿಜ. ಎಂಜಿನ್ ಬದಲಾದರೆ ಆರ್.ಟಿ.ಒ. ಅನುಮತಿ ಪಡೆದು ಆರ್.ಸಿ.ಯಲ್ಲಿ ನಮೂದಿಸಲೇಬೇಕು. ಆದರೆ ನಿಮ್ಮ ಜೀಪಿಗೆ ಐವತ್ತು ವರ್ಷ ದಾಟಿದೆ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥದ್ದನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಸರಿ. ಡೀಸೆಲ್ ಕೂರಿಸಿದರೆ ಆ ದಾರಿ ಮುಚ್ಚುತ್ತದೆ. ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆ ನಿಮ್ಮ ಬ್ಲಾಕಿನದೇ ಎಂದಾದರೆ, ಎರಡು ಸ್ಲೀವ್ ಹಾಕಿಸಬೇಕಾಗಿ ಬಂದರೂ ನಾನು ಅದನ್ನು ಉಳಿಸಿಕೊಳ್ಳುತ್ತೇನೆ.

ಪರೀಕ್ಷೆ ಮುಗಿದ ಮೇಲೆ ಮೊದಲು ಪಿಸ್ಟನ್ ಸೆಟ್ ಹುಡುಕಿ, ಆಮೇಲೆ ಬೋರ್. ಲೇತ್‌ನವರು ಕೈಯಲ್ಲಿರುವ ಪಿಸ್ಟನ್ ಅಳೆದು ಬೋರ್ ಮಾಡಬೇಕೇ ಹೊರತು ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಅಲ್ಲ.